ಆರನೇ ಬೇಸಿನ್ನು

ಹೆಸರಿನ ಜಾಗ ಖಾಲಿ ಬಿಟ್ಟರೆ
ಫಾರಂ ಮುಂದಕ್ಕೆ ಹೋಗಲ್ಲ ಅಂದ
ಸೈಬರ್ ಅಂಗಡಿಯ ತನ್ವೀರ.
ನನ್ನ ಹೆಸರಲ್ಲ, ಅದು ಆಗಲೇ ತುಂಬಿಯಾಗಿತ್ತು:
ಗಂಗುಲಮ್ಮ, ಆಧಾರಿನಲ್ಲಿರುವಂತೆ, ಒಂದಕ್ಷರ ತಪ್ಪಾಗಿ.
ಅಂಗಡಿಗೆ ಬೇರೆ ಹೆಸರು ಬೇಕಂತೆ.
ಮುದ್ದೆ, ಬಸ್ಸಾರು, ಮಧ್ಯಾಹ್ನಕ್ಕೆ ಮಾತ್ರ.
ಇದಕ್ಕೂ ನಾಮಕರಣವೇ?

ಆಮೇಲೆ ಹೇಳ್ತೀನಿ, ಕೆಳಗಿಂದು ಓದಪ್ಪ ಅಂದೆ.
ಆವರಣದ ಹಿಂದಿನ ಬಳಕೆ, ಅಂತ ಓದಿದ.

ಏನಂತ ಬರೆಸಲಿ.
ಶಿಡ್ಲಘಟ್ಟದಲ್ಲಿ ಮೂಗಿದ್ದವರಿಗೆಲ್ಲ ಗೊತ್ತು
ಖಲಂದರ್ ಸಾಹೇಬರ ಶೆಡ್ಡಿನಲ್ಲಿ ಏನು ಬೇಯುತ್ತಿತ್ತೆಂದು.
ಹನ್ನೆರಡು ಬೇಸಿನ್ನು, ಹನ್ನೆರಡು ಹೆಂಗಸರು,
ಕುದಿನೀರಲ್ಲಿ ತೇಲುವ ಗೂಡು,
ಗೂಡಿನೊಳಗೆ ಹುಳ.
ಹತ್ತೊಂಬತ್ತು ವರ್ಷ ಆರನೆಯದರ ಮುಂದೆ ನಾನು.
ತುದಿ ಸಿಕ್ಕರೆ ಸಾಕು, ನೂಲು ತಾನೇ ಬರುತ್ತದೆ,
ಒಂದೊಂದು ಗೂಡೂ ಬಸ್‌ಸ್ಟ್ಯಾಂಡಿನಿಂದ ಕೆರೆ ಕೋಡಿಯ ತನಕ.
ಸಿಗದಿದ್ದರೆ
ಹುಡುಕುವ ಬೆರಳು ಬೇಯುತ್ತದೆ.

ಈ ಲೈಸೆನ್ಸಿನ ತುದಿ ಎಲ್ಲಿದೆಯೋ
ಎರಡು ತಿಂಗಳು ಹುಡುಕಿದೆ.
ನಗರಸಭೆಯವರು ಬಾಡಿಗೆ ಕರಾರು ಕೇಳಿದರು,
ಕರಾರಿಗೆ ಸಾಹೇಬರ ಮಗ ಖಾತೆ ತೆಗೆಸಿದ,
ಖಾತೆಯಲ್ಲಿ ಶೆಡ್ಡು ಇನ್ನೂ ದನದ ಕೊಟ್ಟಿಗೆ.
ಮೂವತ್ತು ವರ್ಷದ ಹಬೆ
ಆ ಕಾಗದಕ್ಕೆ ತಾಗಿಯೇ ಇರಲಿಲ್ಲ.

ಬೋರಿನ ನೀರು ಬಾಟಲಿಯಲ್ಲಿ ಚಿಕ್ಕಬಳ್ಳಾಪುರಕ್ಕೆ ಹೋಗಿಬಂತು,
ಮಡಿಲಲ್ಲಿ ಕೂತು, ಅರ್ಧ ಟಿಕೆಟ್ಟೂ ಇಲ್ಲದೆ.
ಕುಡಿಯಬಹುದು ಅಂತ ಬರೆದುಕೊಟ್ಟರು.
ನೀರು ಪಾಸಾಯಿತು, ನನ್ನದೇ ಕಷ್ಟವಾಯಿತು.
ಅನ್ನ ಮುಟ್ಟುವವಳಿಗೆ ಅಂಟುರೋಗ ಇಲ್ಲವೆಂದು
ಸರ್ಕಾರಿ ಡಾಕ್ಟರು ಬರೆಯಬೇಕು.
ಕೈ ತೋರಿಸಿ, ಅಂದರು.
ಬಿಳಿಚಿ, ಬಿರಿದು, ಗೆರೆ ಅಳಿಸಿಹೋದ ಬೆರಳು.
ರೇಷನ್ ಅಂಗಡಿಯ ಯಂತ್ರಕ್ಕೂ
ನನ್ನ ಹೆಬ್ಬೆಟ್ಟಿನ ಗುರುತು ಸಿಗದು.
ಇದೇನಮ್ಮ, ಚರ್ಮದ ಕಾಯಿಲೆ?
ಕಾಯಿಲೆ ಅಲ್ಲ ಸಾರ್, ಸೀರೆ.
ಪೆನ್ನು ಎತ್ತಿದವರು ಹಾಗೇ ಕೂತರು.
ಹೊರಗೆ ನರ್ಸಮ್ಮ ಮುಂದಿನ ಚೀಟಿ ಕೂಗಿದಳು, ಎರಡು ಸಲ.
ಆಮೇಲೆ ಬರೆದರು, ಒಂದೇ ಪದ.
ತನ್ವೀರ ಓದಿ ಹೇಳಿದ: ಫಿಟ್.

ಈಗಲಾದ್ರೂ ಹೆಸರು ಹೇಳಕ್ಕಾ.
ಬರ್ಕೊ: ಆರನೇ ಬೇಸಿನ್ನು.
ಬೇಸಿನ್ನಾ? ಕೈ ತೊಳ್ಯೋದಾ?
ಹೂಂ, ಹಂಗೇ ಅಂದ್ಕೊ.

ಶಶಿರೇಖಾ ಮೇಡಂ ತನಿಖೆಗೆ ಬರುವ ಹೊತ್ತಿಗೆ
ಮೂರು ಸಲ ಸುಣ್ಣ ಬಳಿದಿದ್ದೆ.
ಆದರೂ ಬಾಗಿಲಲ್ಲೇ ನಿಂತು ಮೂಗು ಅರಳಿಸಿದರು.
ಗೋಡೆ ಇನ್ನೂ ಉಸಿರು ಬಿಡ್ತಾ ಇದೆ ಮೇಡಂ,
ಒಗ್ಗರಣೆ ಬಿದ್ರೆ ಸರಿಹೋಗುತ್ತೆ.
ನಗಲಿಲ್ಲ. ಟೇಪು ಹಿಡಿದು ಅಳೆದರು.
ಕಿಟಕಿಗೆ ಜಾಲರಿ, ಕಸಕ್ಕೆ ಮುಚ್ಚಳ.
ಹಸಿಯದು ಈ ಕಡೆಯಿಂದ ಬರಬೇಕು,
ಬೆಂದದ್ದು ಆ ಕಡೆಯಿಂದ ಹೋಗಬೇಕು,
ನಡುವೆ ಒಂದರ ಮುಖ ಇನ್ನೊಂದು ನೋಡಬಾರದು.
ಗೊತ್ತು ಮೇಡಂ.
ಆ ಬಾಗಿಲಿಂದ ಗೂಡು ಬರುತ್ತಿತ್ತು,
ಈ ಬಾಗಿಲಿಂದ ನೂಲು ಹೋಗುತ್ತಿತ್ತು.
ಹುಳ ಮಾತ್ರ ಇಲ್ಲೇ ಉಳಿಯುತ್ತಿತ್ತು, ನಮ್ಮ ಜೊತೆ.
ಅದನ್ನೇನೂ ಅವರು ಬರೆದುಕೊಳ್ಳಲಿಲ್ಲ.
ಕೈ ತೊಳೆಯೋಕೆ ಬೇರೆ ತೊಟ್ಟಿ ಎಲ್ಲಿ, ಅಂದರು.
ಹನ್ನೊಂದು ಬೇಸಿನ್ನು ಗುಜರಿಗೆ ಹೋಗಿದ್ದವು.
ಟೈಲ್ಸ್ ಹಾಕಿಸಿ ಉಳಿಸಿಕೊಂಡ ಒಂದನ್ನು ತೋರಿಸಿದೆ.
ನಲ್ಲಿ ತಿರುಗಿಸಿ ನೋಡಿದರು. ತಣ್ಣೀರು.

ಸಾಹೇಬರು ಮುಂಗಡದ ಲೆಕ್ಕದ ಪುಸ್ತಕ
ನೇತುಹಾಕುತ್ತಿದ್ದ ಮೊಳೆ ಗೋಡೆಯಲ್ಲಿ ಹಾಗೇ ಇತ್ತು.
ಅದರಲ್ಲಿ ನನ್ನ ಹೆಸರಿನ ಮುಂದೆ
ಯಾವತ್ತೂ ಒಂದು ಅಂಕಿ, ತೀರದ್ದು.
ಈಗ ಅದೇ ಮೊಳೆಗೆ ಗಾಜು ಹಾಕಿಸಿದ ಕಾಗದ:
ನನ್ನ ಹೆಸರು, ಅದೇ ತಪ್ಪಕ್ಷರ,
ಮುಂದೆ ಹದಿನಾಲ್ಕು ಅಂಕಿ.
ಒಂದು ವರ್ಷಕ್ಕೆ ಮಾತ್ರ. ಮೊಳೆ ಗಟ್ಟಿಯಿದೆ.

ಹರಾಜು ಮುಗಿಸಿ ಗೂಡಿನ ಮಾರುಕಟ್ಟೆಯಿಂದ
ಮೊದಲ ನಾಲ್ಕು ಜನ ಬಂದರು.
ಅವರಲ್ಲೊಬ್ಬ ಕೈ ತೊಳೆದು, ಬೆರಳು ಮೂಸಿ,
ಏನೋ ಕೇಳಲು ಬಾಯಿ ತೆರೆದು
ಮುದ್ದೆ ಕಂಡು ಮರೆತ.